ಸಿಂಪ್ಸನ್ ಮರಳುಗಾಡಿಗೆ ಎರಡು ಗಾಡಿ: ತೂಕದ ಲೆಕ್ಕದಲ್ಲೊಂದು ಹೋಲಿಕೆ

ಆಸ್ಟ್ರೇಲಿಯಾದ ನಡುಭಾಗದಲ್ಲಿರುವ ಸಿಂಪ್ಸನ್ ಮರಳುಗಾಡಿನಲ್ಲಿ 1,100ಕ್ಕೂ ಹೆಚ್ಚು ಮರಳುದಿಣ್ಣೆಗಳಿವೆ. ಎಲ್ಲವೂ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ, ಒಂದರ ಪಕ್ಕ ಒಂದು ಮಲಗಿವೆ. ಪಶ್ಚಿಮದಿಂದ ಪೂರ್ವಕ್ಕೆ ಹೊರಟವರು ಅವನ್ನು ಬಳಸಿಕೊಂಡು ಹೋಗುವಂತಿಲ್ಲ, ಹತ್ತಿ ಇಳಿಯಲೇಬೇಕು. ಹಾಗಾಗಿ ಅಡಿಲೇಡಿನ ಅಂಗಡಿಯಲ್ಲಿ ‘ಇರಲಿ, ಯಾವುದಕ್ಕಾದರೂ ಆದೀತು’ ಎಂದು ಕೊಂಡ ಪ್ರತಿ ಕಿಲೋ ಸಾಮಾನನ್ನೂ ಎಂಜಿನ್ನು ಅಷ್ಟು ಸಲ ಮೇಲಕ್ಕೆ ಎತ್ತಬೇಕು. ಈ ಬರಹದಲ್ಲಿ ನಾನು ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿದ ಕಡೆಗಳಲ್ಲಿ ಬಹುಪಾಲು ತೀರ್ಪು ಕೊಟ್ಟದ್ದು ತೂಕ. ಬೆಲೆಯ ಮಾತು ಆಮೇಲೆ ಬರುತ್ತದೆ, ಬ್ರ್ಯಾಂಡಿನದು ಇನ್ನೂ ಆಮೇಲೆ.

ಹೋಲಿಕೆಗೆ ಅನುಕೂಲ ಮಾಡಿಕೊಟ್ಟವರು ಭಾವ. ಅಕ್ಕ ಮತ್ತು ಅವರು ಮೆಲ್ಬರ್ನ್‌ನಲ್ಲಿದ್ದಾರೆ, ನಾನೂ ನನ್ನ ಹೆಂಡತಿಯೂ ಅಡಿಲೇಡಿನಲ್ಲಿ. ಅವರದು 4.8 ಲೀಟರ್ ಪೆಟ್ರೋಲ್ ಎಂಜಿನ್ನಿನ ಹಳೆಯ ನಿಸಾನ್ ಪ್ಯಾಟ್ರೋಲ್, ನನ್ನದು 2.8 ಲೀಟರ್ ಡೀಸೆಲ್ ಎಂಜಿನ್ನಿನ ಟೊಯೋಟಾ ಪ್ರಾಡೊ. ಭಾವ ಮೊದಲು ಕೊಂಡು ಆಮೇಲೆ ಯೋಚಿಸುವವರು, ನಾನು ಯೋಚಿಸುತ್ತ ಕೂತು ಕೊಳ್ಳುವುದನ್ನೇ ಬಿಡುವವನು. ಚಳಿಗಾಲದಲ್ಲಿ ಒಟ್ಟಿಗೆ ಹೊರಟಾಗ ಒಂದೇ ದಿಣ್ಣೆಯ ಮೇಲೆ, ಒಂದೇ ಮಧ್ಯಾಹ್ನ, ಎರಡು ಬಗೆಯ ತಯಾರಿಯ ಪರೀಕ್ಷೆ ತಾನಾಗಿಯೇ ನಡೆದುಹೋಗುತ್ತದೆ. 1962ರಲ್ಲಿ ಭೂವಿಜ್ಞಾನಿ ರೆಗ್ ಸ್ಪ್ರಿಗ್ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮೊತ್ತಮೊದಲು ಮೋಟಾರು ವಾಹನದಲ್ಲಿ ಈ ಮರಳುಗಾಡನ್ನು ದಾಟಿದ್ದು ಪ್ಯಾಟ್ರೋಲ್‌ನಲ್ಲಿಯೇ. ಭಾವ ಇದನ್ನು ದಿನಕ್ಕೊಮ್ಮೆಯಾದರೂ ಎಲ್ಲರಿಗೂ ನೆನಪಿಸುತ್ತಾರೆ.

ನನ್ನ ಗಾಡಿಯ ಕಾಗದದಲ್ಲಿ ಬರೆದಿರುವ ಒಟ್ಟು ತೂಕದ ಮಿತಿ 2,990 ಕಿಲೋ. ಖಾಲಿ ಗಾಡಿಯೇ 2,300ರ ಮೇಲಿದೆ. ಉಳಿದ ಆರುನೂರು ಚಿಲ್ಲರೆ ಕಿಲೋದಲ್ಲಿ ಮುಂದಿನ ಉಕ್ಕಿನ ಬುಲ್‌ಬಾರ್, ಎರಡನೆಯ ಬ್ಯಾಟರಿ, ಹಿಂದಿನ ಡ್ರಾಯರುಗಳು, ಫ್ರಿಜ್, ನೀರು, ನಾವಿಬ್ಬರು, ಎಲ್ಲವೂ ಹಿಡಿಯಬೇಕು. ಹೊರಡುವ ಹಿಂದಿನ ವಾರ ತುಂಬಿದ ಗಾಡಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸುವುದು ನನ್ನ ಪದ್ಧತಿ. ಅಲ್ಲಿ ಬರುವ ಅಂಕಿಯನ್ನು ನೋಡಿದ ಮೇಲೆ ಮನೆಗೆ ಬಂದು ಎರಡು ಪೆಟ್ಟಿಗೆಗಳನ್ನು ಕೆಳಗಿಳಿಸದೆ ಇದ್ದವರನ್ನು ನಾನಂತೂ ಕಂಡಿಲ್ಲ.

ಫ್ರೆಂಚ್ ಲೈನೋ, ರಿಗ್ ರೋಡೋ

ಗಾಡಿಗೆ ಏನೇನು ಹಾಕಿಸಬೇಕು ಎನ್ನುವುದಕ್ಕಿಂತ ಮೊದಲು ಯಾವ ದಾರಿ ಎನ್ನುವುದು ನಿಶ್ಚಯವಾಗಬೇಕು. 1960ರ ದಶಕದಲ್ಲಿ ಇಲ್ಲಿ ತೈಲ ಹುಡುಕಲು ಬಂದ ಫ್ರೆಂಚ್ ಕಂಪನಿ ಭೂಕಂಪನ ಸಮೀಕ್ಷೆಗೆಂದು ದಿಣ್ಣೆಗಳ ಮೇಲೆಯೇ ನೆಟ್ಟಗೆ ಎಳೆದ ಗೆರೆ ಫ್ರೆಂಚ್ ಲೈನ್. ಪ್ರಯಾಣಿಕರ ಸುಖಕ್ಕೆಂದು ಮಾಡಿದ ದಾರಿ ಅದಲ್ಲ. ಕೊರೆಯುವ ಭಾರಿ ಯಂತ್ರಗಳನ್ನು ಒಳಗೆ ಸಾಗಿಸಲು ದಿಣ್ಣೆಗಳ ಮೇಲೆ ಜೇಡಿಮಣ್ಣು ಹಾಸಿ ಮಾಡಿದ್ದು ರಿಗ್ ರೋಡ್. ಅದು ದಕ್ಷಿಣಕ್ಕೆ ಬಳಸಿಕೊಂಡು ಹೋಗುವುದರಿಂದ ಉದ್ದ ಹೆಚ್ಚು. ಈಗ ಆ ಮಣ್ಣು ಕೆಲವು ಕಡೆ ಗಾಳಿಗೆ ಹಾರಿಹೋಗಿದೆ, ಆದರೂ ಭಾರದ ಗಾಡಿಗೆ ಅದೇ ಮೇಲು.

ಎರಡರಲ್ಲೂ ಹೋಗಿ ಬಂದ ಮೇಲೆ ನನಗೆ ಹಿಡಿಸಿದ್ದು ಫ್ರೆಂಚ್ ಲೈನ್. ಅಲ್ಲಿನ ತೊಂದರೆ ಮರಳಿಗಿಂತ ಹೆಚ್ಚಾಗಿ ನಮಗಿಂತ ಮುಂದೆ ಹೋದವರದು. ಗಾಳಿ ಇಳಿಸದೆ ಬಂದ ಗಾಡಿಗಳ ಚಕ್ರ ಗಿರ್ರನೆ ತಿರುಗಿ ಏರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಗುಂಡಿ ತೋಡಿಟ್ಟಿರುತ್ತವೆ. ಅದರ ಮೇಲೆ ಹತ್ತುವಾಗ ಮುಂದಿನ ಒಂದು ಚಕ್ರ, ಹಿಂದಿನ ಎದುರು ಬದಿಯ ಇನ್ನೊಂದು ಚಕ್ರ ಒಟ್ಟಿಗೆ ಗಾಳಿಯಲ್ಲಿ ತೇಲುತ್ತವೆ. ಛಾವಣಿಯ ಮೇಲೆ ಸಾಮಾನು ಹೇರಿದ್ದರೆ ಆಗಲೇ ಎದೆ ಧಸಕ್ ಎನ್ನುವುದು.

ದಿಕ್ಕಿನ ವಿಷಯದಲ್ಲಿ ಚರ್ಚೆಗೆ ಜಾಗ ಕಡಿಮೆ. ದಿಣ್ಣೆಗಳ ಪಶ್ಚಿಮದ ಮಗ್ಗುಲಿನ ಏರು ಮೆಲ್ಲನೆಯದು, ಪೂರ್ವದ್ದು ಕಡಿದು. ಹಾಗಾಗಿ ಪಶ್ಚಿಮದ ಅಂಚಿನ ಮೌಂಟ್ ಡೇರ್‌ನಲ್ಲಿ ಇಂಧನ ತುಂಬಿಸಿ, ಡಾಲ್‌ಹೌಸಿಯ ಬಿಸಿನೀರಿನ ಚಿಲುಮೆಯಲ್ಲಿ ಮುಳುಗೆದ್ದು, ಪೂರ್ವದ ಅಂಚಿನ ಬರ್ಡ್ಸ್‌ವಿಲ್ ಕಡೆಗೆ ಹೋಗುವುದು ರೂಢಿ. ಮೂರು ಆಡಳಿತ ಪ್ರದೇಶಗಳ ಗಡಿ ಸೇರುವ ಪೊಪೆಲ್ ಕಾರ್ನರ್ ದಾಟಿದ ಮೇಲೆ ದಿಣ್ಣೆಗಳ ನಡುವಿನ ಅಂತರ ಹೆಚ್ಚುತ್ತದೆ, ಎತ್ತರವೂ ಹೆಚ್ಚುತ್ತದೆ. ಕೊನೆಯಲ್ಲಿ, ಬರ್ಡ್ಸ್‌ವಿಲ್‌ಗೆ ಸುಮಾರು 35 ಕಿ.ಮೀ. ಇರುವಾಗ, ನಲವತ್ತು ಮೀಟರ್ ಎತ್ತರದ ಬಿಗ್ ರೆಡ್ ಕಾದಿರುತ್ತದೆ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬಿಸಿಲಿನ ಕಾರಣ ಮರಳುಗಾಡಿನ ರಾಷ್ಟ್ರೀಯ ಉದ್ಯಾನ ಮುಚ್ಚಿರುತ್ತದೆ. ಉಳಿದ ಕಾಲದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಡೆಸರ್ಟ್ ಪಾರ್ಕ್ಸ್ ಪಾಸ್ ಬೇಕು, ನೆಲದಿಂದ 3.5 ಮೀಟರ್ ಎತ್ತರಕ್ಕೆ ಕಾಣುವ ಬಾವುಟ ಗಾಡಿಗೆ ಕಟ್ಟಿರಬೇಕು. ದಿಣ್ಣೆಯ ನೆತ್ತಿಯಲ್ಲಿ ಎದುರಿನಿಂದ ಬರುವವರಿಗೆ ಮೊದಲು ಕಾಣುವುದು ಆ ಬಾವುಟ. ಅದನ್ನು ಬುಲ್‌ಬಾರ್‌ಗೆ ಕಟ್ಟುವುದೇ ಸರಿ, ಗಾಡಿಯ ಮೂತಿ ಏಳುವ ಮೊದಲೇ ಅದು ಎದ್ದು ಕಾಣುತ್ತದೆ.

ಅಂದ ಹಾಗೆ, ಈ ಮರಳುಗಾಡಿಗೆ ಹೆಸರು ಬಂದದ್ದು ಆಲ್ಫ್ರೆಡ್ ಸಿಂಪ್ಸನ್ ಎಂಬ ಅಡಿಲೇಡಿನ ಉದ್ಯಮಿಯಿಂದ. ಅವರ ಮನೆತನದ ಕಂಪನಿಯ ಹೆಸರಿನ ಬಟ್ಟೆ ತೊಳೆಯುವ ಯಂತ್ರಗಳು ಇಲ್ಲಿನ ಮನೆಮನೆಗಳಲ್ಲಿದ್ದವು. ಶತಮಾನಗಳ ಕಾಲ ಮಿಕಿರಿ ಎಂಬ ಆಳದ ಬಾವಿಗಳನ್ನು ನಂಬಿ ಇಲ್ಲಿ ಬಾಳಿದ ವಾಂಗ್‌ಕಾಂಗುರು ಜನರ ಹೆಸರು ನಕಾಶೆಯ ಮೇಲೆ ಅಷ್ಟು ಸುಲಭವಾಗಿ ಬರಲಿಲ್ಲ.

ಪೆಟ್ರೋಲ್ ಮತ್ತು ಡೀಸೆಲ್

ದಿಣ್ಣೆ ಹತ್ತುವ ಆಟದಲ್ಲಿ ಭಾವನ ಪೆಟ್ರೋಲ್ ಎಂಜಿನ್ನಿಗೇ ಜಯ. ಕಾಲು ಒತ್ತಿದ ತಕ್ಷಣ ಚುರುಕಾಗಿ ಏಳುತ್ತದೆ. ನನ್ನ ಡೀಸೆಲ್ ಗೊಣಗುತ್ತ ನಿಧಾನ ಹತ್ತುತ್ತದೆ. ಇಂಧನದ ಲೆಕ್ಕಕ್ಕೆ ಬಂದರೆ ಆಟ ತಿರುಗಿಬೀಳುತ್ತದೆ. ಮರಳಿನಲ್ಲಿ ನನ್ನದು 100 ಕಿ.ಮೀ.ಗೆ 17ರಿಂದ 18 ಲೀಟರ್ ಕುಡಿದರೆ ಅವರದು 28ಕ್ಕಿಂತ ಕೆಳಗೆ ಇಳಿದದ್ದಿಲ್ಲ. ಮೌಂಟ್ ಡೇರ್‌ನಿಂದ ಬರ್ಡ್ಸ್‌ವಿಲ್‌ಗೆ ಸುಮಾರು 500 ಕಿ.ಮೀ. ನಡುವೆ ಎಲ್ಲಿಯೂ ಪಂಪ್ ಇಲ್ಲ. ಐರ್ ಕ್ರೀಕ್‌ನಲ್ಲಿ ನೀರು ಬಂದಿದ್ದರೆ ಸುತ್ತು ದಾರಿ, ದಾಟಲು ಆಗದಿದ್ದರೆ ಬಂದ ದಾರಿಗೇ ವಾಪಸು. ಇದನ್ನೆಲ್ಲ ಸೇರಿಸಿಯೇ ಹೊರಬೇಕು.

ನನ್ನ ಪ್ರಾಡೊದ ಎರಡು ಟ್ಯಾಂಕುಗಳಲ್ಲಿ ಕಂಪನಿಯಿಂದಲೇ 150 ಲೀಟರ್ ಹಿಡಿಯುತ್ತದೆ. ಅಷ್ಟು ಡೀಸೆಲ್ ಸುಮಾರು 125 ಕಿಲೋ ತೂಗುತ್ತದೆ, ಆದರೆ ಆ ತೂಕ ಗಾಡಿಯ ಹೊಟ್ಟೆಯ ಕೆಳಗೆ, ನೆಲಕ್ಕೆ ಹತ್ತಿರ ಇರುತ್ತದೆ. ಭಾವ ತಮ್ಮ ಟ್ಯಾಂಕ್ ಸಾಲದೆ ಜೆರ್ರಿಕ್ಯಾನ್‌ಗಳಲ್ಲಿ ಪೆಟ್ರೋಲ್ ಹೊರಬೇಕು. ಗಾಡಿಯ ಒಳಗಿಟ್ಟರೆ ಆವಿ, ವಾಸನೆ, ಅಪಾಯ. ಛಾವಣಿಯ ಮೇಲಿಟ್ಟರೆ ತೂಕ ಎತ್ತರಕ್ಕೆ ಹೋಗುತ್ತದೆ. ಒಂದು ವರ್ಷ ಅವರು ಕ್ಯಾನ್‌ಗಳನ್ನು ಹಿಂದಿನ ಬಂಪರಿನ ತೋಳಿಗೆ ನೇತುಹಾಕಿದ್ದರು. ಊಡ್ನಡಾಟಾ ಟ್ರ್ಯಾಕಿನ ಅಡ್ಡ ಏರಿಳಿತಗಳ ಮೇಲೆ ಕುಣಿದು ಕುಣಿದು ತೋಳಿನ ಬೆಸುಗೆಯೇ ಬಿರುಕು ಬಿಟ್ಟಿತು. ಈಗ ಅವರೂ ದೊಡ್ಡ ಟ್ಯಾಂಕ್ ಹಾಕಿಸಿದ್ದಾರೆ. ಜೆರ್ರಿಕ್ಯಾನ್ ಅಗ್ಗ, ಬೇಡವಾದಾಗ ಮನೆಯಲ್ಲಿ ಬಿಡಬಹುದು ಎಂಬುದು ನಿಜ. ಆದರೂ ಗಾಡಿ ಮಾರುವವರೆಗೆ ಇಟ್ಟುಕೊಳ್ಳುವ ಯೋಚನೆಯಿದ್ದರೆ ದೊಡ್ಡ ಟ್ಯಾಂಕೇ ಸರಿ.

ಸ್ಪಿನಿಫೆಕ್ಸ್ ಹುಲ್ಲಿನ ಮುಂದೆ ಇಬ್ಬರೂ ಒಂದೇ. ದಾರಿಯ ನಡುವಿನ ಏಣಿನಲ್ಲಿ ಬೆಳೆಯುವ ಈ ಹುಲ್ಲಿನಲ್ಲಿ ರಾಳವಿದೆ. ಮೂಲನಿವಾಸಿಗಳು ಅದನ್ನು ಅಂಟಾಗಿ ಬಳಸುತ್ತಿದ್ದರು. ಒಣಗಿದ ಹುಲ್ಲು ಗಾಡಿಯ ಕೆಳಗೆ ಸೈಲೆನ್ಸರ್ ಕೊಳವೆಯ ಸುತ್ತ ಸಿಕ್ಕಿಕೊಂಡು ಬೆಂಕಿ ಹತ್ತಿದ ಉದಾಹರಣೆಗಳಿವೆ. ಪೆಟ್ರೋಲ್ ಗಾಡಿಗಳ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೊಸ ಡೀಸೆಲ್ ಗಾಡಿಗಳ ಮಸಿ ಸೋಸುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುದ್ಧಿ ಮಾಡಿಕೊಳ್ಳುವಾಗ ಅದೂ ಕೆಂಡವೇ ಎನ್ನುವುದನ್ನು ಹೇಳುವವರು ಕಡಿಮೆ. ನಾವು ನಿಂತಲ್ಲೆಲ್ಲ ಬಗ್ಗಿ ನೋಡುತ್ತೇವೆ, ಕೊಕ್ಕೆ ಮಾಡಿದ ಕಂಬಿಯಿಂದ ಹುಲ್ಲು ಎಳೆದು ಹಾಕುತ್ತೇವೆ. ಬೆಂಕಿ ಆರಿಸುವ ಸಿಲಿಂಡರ್ ಚಾಲಕನ ಕೈಗೆ ಎಟುಕುವಲ್ಲಿರುತ್ತದೆ, ಸಾಮಾನುಗಳ ಅಡಿಯಲ್ಲಲ್ಲ. ರೇಡಿಯೇಟರ್ ಮುಂದೆ ಬೀಜ ತಡೆಯಲು ಅಂಗಡಿಯ ಬಲೆಯಾದರೂ ಸರಿ, ಸೊಳ್ಳೆಪರದೆ ಕತ್ತರಿಸಿ ಕಟ್ಟಿದರೂ ಸರಿ. ನನಗೆ ವ್ಯತ್ಯಾಸ ಕಾಣಲಿಲ್ಲ.

ಟೈರು, ಅದಕ್ಕಿಂತ ಮುಖ್ಯವಾಗಿ ಗಾಳಿ

ಗಾಳಿ ಇಳಿಸಿದರೆ ಟೈರು ಅಗಲವಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅಗಲವಾಗುವುದು ಸ್ವಲ್ಪವೇ, ಮುಖ್ಯವಾಗಿ ಅದು ಉದ್ದವಾಗುತ್ತದೆ. ಅನುಮಾನವಿದ್ದರೆ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಟೈರು ನೆಲ ಮುಟ್ಟುವ ಜಾಗದ ಮುಂದೊಂದು ಹಿಂದೊಂದು ತೆಳ್ಳಗಿನ ಕಡ್ಡಿ ಒಳಗೆ ಹೋಗುವಷ್ಟು ತೂರಿಸಿ ನೋಡಿ. 36 ಪಿಎಸ್‌ಐನಲ್ಲಿ ನನ್ನ ಟೈರಿನ ಕೆಳಗೆ ಎರಡು ಕಡ್ಡಿಗಳ ನಡುವೆ ಒಂದು ಗೇಣೂ ಇರಲಿಲ್ಲ. 16ಕ್ಕೆ ಇಳಿಸಿದಾಗ ಗೇಣಿನ ಮೇಲೆ ನಾಲ್ಕು ಬೆರಳು ಬಂತು. ಅಷ್ಟು ಉದ್ದದ ಪಾದದ ಮೇಲೆ ತೂಕ ಹರಡಿಕೊಂಡಾಗ ಚಕ್ರ ಮರಳನ್ನು ಅಗೆಯುವುದಿಲ್ಲ, ಅದರ ಮೇಲೆ ನಡೆಯುತ್ತದೆ.

ಫ್ರೆಂಚ್ ಲೈನ್‌ನ ನಡುವೆ ಒಂದು ಮಧ್ಯಾಹ್ನ ನಾನು ದಿಣ್ಣೆ ದಾಟಿ ಆಚೆ ನಿಂತಿದ್ದೆ. ಈಚೆಯಿಂದ ಪ್ಯಾಟ್ರೋಲ್ ಎಂಜಿನ್ನಿನ ಆರ್ಭಟ ಏರುವುದು, ನೆತ್ತಿಯ ಹತ್ತಿರ ಬಂದು ಉಸಿರು ಕಟ್ಟಿದಂತೆ ನಿಲ್ಲುವುದು, ಮತ್ತೆ ಹಿಂದಕ್ಕೆ ಇಳಿಯುವುದು ಕೇಳುತ್ತಿತ್ತು. ಮೂರನೆಯ ಸಲಕ್ಕೆ ರೇಡಿಯೊ ಎತ್ತಿಕೊಂಡೆ.

“ಭಾವ, ಗಾಳಿ ಎಷ್ಟಿದೆ?”

“ಇಪ್ಪತ್ತೆರಡು.”

“ಹದಿನಾರಕ್ಕೆ ಇಳಿಸಿ.”

“ಪ್ಯಾಟ್ರೋಲ್‌ಗೆ ಅದೆಲ್ಲ ಬೇಕಾಗಿಲ್ಲ ಕಣಯ್ಯಾ. ಇನ್ನೂ ಸ್ವಲ್ಪ ಹಿಂದಿನಿಂದ ಓಡಿಸಿಕೊಂಡು ಬರುತ್ತೇನೆ.”

ಇನ್ನೂ ಸ್ವಲ್ಪ ಹಿಂದಿನಿಂದ ಓಡಿಸಿಕೊಂಡು ಬಂದರು, ಮತ್ತೆ ಕೆಳಗಿಳಿದರು. ಆಮೇಲೆ ರೇಡಿಯೊದಲ್ಲಿ ಅಕ್ಕನ ದನಿ ಮಾತ್ರ ಕೇಳಿತು: “ಇಳಿಸುತ್ತಿದ್ದಾರೆ, ತಡಿ.” ಹದಿನಾರರಲ್ಲಿ ಅದೇ ಗಾಡಿ, ಅದೇ ಏರನ್ನು ಲೋ ರೇಂಜ್ ಮೂರನೆಯ ಗೇರಿನಲ್ಲಿ ಸದ್ದಿಲ್ಲದೆ ಹತ್ತಿ ಬಂತು. ಅಷ್ಟು ಸಾವಿರ ಡಾಲರುಗಳ ಸಸ್ಪೆನ್ಷನ್, ಎಡ ಬಲ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕರ್, ದೀಪಗಳು ಮಾಡಲಾಗದ್ದನ್ನು ಆರು ಪಿಎಸ್‌ಐ ಮಾಡಿತು.

ಮರಳುಗಾಡಿನ ಚಳಿಗಾಲದ ಬೆಳಗ್ಗೆ ಉಷ್ಣಾಂಶ ಸೊನ್ನೆಯ ಹತ್ತಿರ ಇರುತ್ತದೆ, ಮಧ್ಯಾಹ್ನ ಇಪ್ಪತ್ತು ದಾಟುತ್ತದೆ. ಬೆಳಗ್ಗೆ 16 ಇಟ್ಟ ಟೈರು ಮಧ್ಯಾಹ್ನ ಬಿಸಿಲಿಗೇ 18 ತೋರಿಸುತ್ತದೆ, ಓಡಿದ ಬಿಸಿ ಬೇರೆ ಸೇರುತ್ತದೆ. ಅದೇ ಹೊತ್ತಿಗೆ ರಾತ್ರಿಯ ತಂಪಿನಲ್ಲಿ ಗಟ್ಟಿಯಾಗಿದ್ದ ಮರಳು ಒಣಗಿ ಸಡಿಲಾಗಿರುತ್ತದೆ. ಅಂದರೆ ಬೇಕಾದಾಗ ಕಡಿಮೆಯಿರಬೇಕಾದ ಗಾಳಿ ಸರಿಯಾಗಿ ಆಗಲೇ ಹೆಚ್ಚಾಗಿರುತ್ತದೆ. ಊಟಕ್ಕೆ ನಿಂತಾಗ ಮತ್ತೊಮ್ಮೆ ಅಳೆಯುವುದು ಅದಕ್ಕೇ. ಆದರೆ 16ರಲ್ಲಿ ವೇಗ 30–40 ದಾಟಬಾರದು, ಸ್ಟಿಯರಿಂಗನ್ನು ಜೋರಾಗಿ ತಿರುಗಿಸಬಾರದು, ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ.

ಇನ್ನು ಟೈರಿನ ಜಾತಿ. ಭಾವನದು ಕೆಸರಿನ ಟೈರು, ದಪ್ಪ ಹಲ್ಲು, ನೋಡಲು ಗಂಭೀರ. ನನ್ನದು ಆಲ್ ಟೆರೇನ್. ಮರಳಿನಲ್ಲಿ ದಪ್ಪ ಹಲ್ಲು ಅಗೆಯುವ ಕೆಲಸಕ್ಕೇ ಒದಗುತ್ತದೆ. ಒಂದೇ ಗಾಳಿಯಲ್ಲಿ ನನ್ನ ಗಾಡಿ ಹೊಯ್ದಾಡದೆ ಹೋದಲ್ಲಿ ಅವರದು ಹೂತದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಡಾಂಬರಿನ ಮೇಲೆ ಅವರ ಟೈರಿನ ಗುಂಯ್ ಸದ್ದಿಗೆ ಪೋರ್ಟ್ ಅಗಸ್ಟಾ ಮುಟ್ಟುವಷ್ಟರಲ್ಲಿ ಅಕ್ಕ ಕಿವಿಗೆ ಹತ್ತಿ ಇಟ್ಟುಕೊಂಡಿರುತ್ತಾಳೆ. ಸಿಂಪ್ಸನ್‌ಗೆ ಕೆಸರಿನ ಟೈರು ಹಾಕಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಕಾರಿನ ಟೈರೋ, ಲೈಟ್ ಟ್ರಕ್ ಟೈರೋ ಎಂಬ ಪ್ರಶ್ನೆ ಇಷ್ಟು ಸರಳವಲ್ಲ. ನಾನು ಎರಡನ್ನೂ ಇದೇ ಪ್ರಾಡೊಗೆ ಹಾಕಿ ನೋಡಿದ್ದೇನೆ. ಕಾರಿನ ಟೈರಿನ ಪಕ್ಕೆ ಮೆತ್ತಗೆ, ತೂಕ ಕಡಿಮೆ, ಮರಳಿನಲ್ಲಿ ನಿಜಕ್ಕೂ ಚೆನ್ನ. ಲೈಟ್ ಟ್ರಕ್ ಟೈರಿನ ಪಕ್ಕೆ ಬಿಗಿ, ಅದೇ ಪಾದ ಮೂಡಲು ಇನ್ನೂ ಎರಡು ಪಿಎಸ್‌ಐ ಇಳಿಸಬೇಕು. ಮರಳೊಂದೇ ಇದ್ದಿದ್ದರೆ ಮೊದಲನೆಯದೇ ಸಾಕಿತ್ತು. ಆದರೆ ಟೈರು ಸಾಯುವುದು ಮರಳಿನಲ್ಲಲ್ಲ, ಅಲ್ಲಿಗೆ ಹೋಗುವ ಬರುವ ಕಲ್ಲುದಾರಿಯಲ್ಲಿ. ಗಿಬರ್ ಎಂಬ ಚೂಪು ಕಲ್ಲುಗಳು ಹಾಸಿದ ಊಡ್ನಡಾಟಾ, ಬರ್ಡ್ಸ್‌ವಿಲ್ ದಾರಿಗಳು ತೆಳು ಪಕ್ಕೆಯನ್ನು ಕೊಯ್ದು ಹಾಕುತ್ತವೆ. ನನ್ನ ಕಾರಿನ ಟೈರೊಂದು ಮರಳು ಕಣ್ಣಿಗೆ ಬೀಳುವ ಮೊದಲೇ ಹಾಗೆ ಹೋಯಿತು. ಅಂದಿನಿಂದ ಲೈಟ್ ಟ್ರಕ್ ಟೈರು, ಒಂದೇ ಸ್ಟೆಪ್ನಿ, ತೂತು ಮುಚ್ಚುವ ಪ್ಲಗ್ ಪೆಟ್ಟಿಗೆ. ಭಾವ ಎರಡನೆಯ ಸ್ಟೆಪ್ನಿಯನ್ನೂ ಛಾವಣಿಯ ಮೇಲೆ ಹೊರುತ್ತಾರೆ, ಮೂವತ್ತು ಕಿಲೋಗೂ ಹೆಚ್ಚು. ಒಂಟಿ ಗಾಡಿಯಲ್ಲಿ ಹೋಗುವುದಾದರೆ ನಾನೂ ಹೊರುತ್ತಿದ್ದೆನೇನೋ.

ಗಾಳಿ ಇಳಿಸಲು ಭಾವನ ಬಳಿ ಇಷ್ಟೆಂದು ಹೊಂದಿಸಿಟ್ಟರೆ ತಾನೇ ನಿಲ್ಲುವ ನಾಲ್ಕು ಪುಟ್ಟ ಹಿತ್ತಾಳೆ ಮುಚ್ಚಳಗಳಿವೆ. ತಿರುಗಿಸಿ ಹಾಕಿ ಚಹಾ ಕುಡಿಯಬಹುದು. ನನ್ನದು ವಾಲ್ವಿನ ಒಳತಿರುಳನ್ನೇ ಹೊರಗೆಳೆದು ಗಾಳಿ ಬಿಡುವ, ಮೀಟರ್ ಜೋಡಿಸಿದ ಬಗೆ. ನನ್ನದು ಬೇಗ, ಕರಾರುವಾಕ್ಕು. ಅವರದು ಮರಳಿನ ಕಣ ಸಿಕ್ಕರೆ ಒಂದೊಂದು ಟೈರಿಗೆ ಒಂದೊಂದು ಅಂಕಿ ಕೊಡುತ್ತದೆ. ಕಂಪ್ರೆಸರ್‌ನಲ್ಲಿ ಮಾತ್ರ ಅವರ ಜೋಡಿ ಸಿಲಿಂಡರಿನದು ನನ್ನ ಒಂಟಿ ಸಿಲಿಂಡರನ್ನು ಸುಲಭವಾಗಿ ಮೀರಿಸುತ್ತದೆ. ಬರ್ಡ್ಸ್‌ವಿಲ್‌ನಲ್ಲಿ ನಾನು ಮೂರನೆಯ ಟೈರಿಗೆ ಬರುವಷ್ಟರಲ್ಲಿ ಅವರು ಹೋಟೆಲಿನ ಜಗುಲಿಯಲ್ಲಿ ಕುಳಿತಿರುತ್ತಾರೆ. ದಾಟುವುದು ಮುಗಿಯುವವರೆಗೆ ಮತ್ತೆ ತುಂಬುವ ಪ್ರಸಂಗ ಅಪರೂಪ, ಹಾಗಾಗಿ ನನಗೆ ಅದಕ್ಕೆ ದುಡ್ಡು ಸುರಿಯುವ ಮನಸ್ಸಿಲ್ಲ.

ಹೂತಾಗ

ಭಾವನ ಗಾಡಿಯ ಮೂತಿಯಲ್ಲಿ ಹಗ್ಗ ಸುತ್ತಿಕೊಳ್ಳುತ್ತ ಗಾಡಿಯನ್ನು ಎಳೆಯುವ ವಿಂಚ್ ಇದೆ. ಹಗ್ಗ, ಮೋಟಾರು, ಅದನ್ನು ಹಿಡಿದ ಬಂಪರಿನ ಗಟ್ಟಿ ಚೌಕಟ್ಟು ಎಲ್ಲ ಸೇರಿ ಮುಂದಿನ ಆಕ್ಸಲ್ ಮೇಲೆ ಸದಾ ಕೂತ ಒಬ್ಬ ಪ್ರಯಾಣಿಕನಷ್ಟು ಭಾರ. ಮಲೆನಾಡಿನಂಥ ಕಾಡಿನಲ್ಲಾದರೆ ಅದರ ಬೆಲೆ ಬೇರೆ. ಇಲ್ಲಿ ಗಾಡಿ ಹೂಳುವುದು ದಿಣ್ಣೆಯ ನೆತ್ತಿಯಲ್ಲಿ, ಅಲ್ಲಿ ಹಗ್ಗ ಕಟ್ಟಲು ಮರವೇ ಇಲ್ಲ. ಸ್ಟೆಪ್ನಿಯನ್ನು ಮರಳಿನಲ್ಲಿ ಹೂತು ಅದಕ್ಕೆ ಹಗ್ಗ ಕಟ್ಟಿ ಎಳೆಯಬಹುದು ಎಂದು ಪುಸ್ತಕಗಳಲ್ಲಿದೆ. ನಾವು ಮಾಡಿಯೂ ನೋಡಿದೆವು. ಗಾಡಿಯ ಮುಂದೆ ಸೊಂಟದುದ್ದ ಗುಂಡಿ ತೋಡುವಷ್ಟರಲ್ಲಿ, ಅಷ್ಟೇ ಸಲಿಕೆ ಕೆಲಸವನ್ನು ಚಕ್ರಗಳ ಮುಂದೆ ಮಾಡಿದ್ದರೆ ಗಾಡಿ ಯಾವಾಗಲೋ ಹೊರಬಂದಿರುತ್ತಿತ್ತು.

ನನ್ನ ಆಯುಧ ಎರಡು ನೈಲಾನ್ ಮರಳು ಹಲಗೆ, ಒಂದು ಉದ್ದ ಹಿಡಿಯ ಸಲಿಕೆ. ಜೋಡಿ ಹಲಗೆಗೆ ಎಂಟು ಕಿಲೋಗಿಂತ ಕಡಿಮೆ. ಇದರಲ್ಲಿಯೂ ಅಗ್ಗದ್ದು, ದುಬಾರಿಯದು ಎರಡನ್ನೂ ಬಳಸಿದ್ದೇನೆ. ಅಗ್ಗದ ಹಲಗೆಗಳ ಹಲ್ಲು ಚಕ್ರ ಎರಡು ಸುತ್ತು ಜಾರಿದರೆ ಕರಗಿ ನುಣುಪಾಗುತ್ತದೆ, ಹಲಗೆ ಬಾಗಿ ಗಾಡಿಯ ಹೊಟ್ಟೆಗೆ ಬಡಿಯುತ್ತದೆ. ದುಬಾರಿಯದೂ ಕರಗುತ್ತದೆ, ಸ್ವಲ್ಪ ನಿಧಾನವಾಗಿ. ಯಾವುದನ್ನೇ ಕೊಂಡರೂ ಚಕ್ರದ ಮುಂದಿನ ಮರಳು ಬಾಚಿ, ಹಲಗೆಯ ತುದಿ ಟೈರಿನ ಅಡಿಗೆ ಸೇರಿಸಿ, ಆಕ್ಸಿಲರೇಟರನ್ನು ಉಸಿರಿನಷ್ಟು ಮೆಲ್ಲಗೆ ಒತ್ತಬೇಕು. ಮಡಚುವ ಪುಟ್ಟ ಸೈನಿಕ ಸಲಿಕೆ ಮಾತ್ರ ಬೇಡ, ಗಾಡಿಯ ಹೊಟ್ಟೆ ನೆಲಕ್ಕೆ ಕೂತಾಗ ಅದು ಒಳಕ್ಕೆ ಎಟುಕುವುದೇ ಇಲ್ಲ.

ಎರಡು ಗಾಡಿಗಳಿದ್ದರೆ ಹಿಗ್ಗುವ ಪಟ್ಟಿಯಿಂದ ಎಳೆಯುವುದು ಎಲ್ಲಕ್ಕಿಂತ ಬೇಗ. ಪಟ್ಟಿಯ ತಾಳಿಕೆ ಹಗುರ ಗಾಡಿಯ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ಇರಬೇಕು. ನಮ್ಮದು 8 ಟನ್ನಿನದು. ಪಟ್ಟಿಯನ್ನು ಗಾಡಿಗೆ ಸಿಕ್ಕಿಸಲು ಕಬ್ಬಿಣದ ಶ್ಯಾಕಲ್ (ಕೊಂಡಿ) ಬದಲು ಹಗ್ಗದ ಶ್ಯಾಕಲ್ ಬಳಸುತ್ತೇವೆ. ಹಗುರ, ಮುರಿದರೂ ಗುಂಡಿನಂತೆ ಹಾರುವುದಿಲ್ಲ. ಟ್ರೇಲರ್ ಎಳೆಯುವ ಟೋ ಬಾಲ್‌ಗೆ ಪಟ್ಟಿ ಸಿಕ್ಕಿಸುವವರನ್ನು ಕಂಡರೆ ಜಗಳವಾಡಿಯಾದರೂ ತಪ್ಪಿಸಬೇಕು. ಆ ಉಂಡೆ ಮುರಿದು ಹಾರಿ ಜನ ಸತ್ತಿದ್ದಾರೆ.

ಬ್ಯಾಟರಿ, ನೀರು, ಊಟ

ಫ್ರಿಜ್‌ಗೆ ಎರಡನೆಯ ಬ್ಯಾಟರಿ ಬೇಕು. 100 ಆಂಪಿಯರ್ ಅವರ್‌ನ ಎಜಿಎಂ ಎಂಬ ಸೀಸದ ಬ್ಯಾಟರಿ ಮೂವತ್ತು ಕಿಲೋ ಹತ್ತಿರ, ಬಾಳಿಕೆ ಕೆಡದಂತೆ ಬಳಸಬಹುದಾದದ್ದು ಅರ್ಧ. ಅದೇ ಅಳತೆಯ ಲಿಥಿಯಂ ಹನ್ನೆರಡು ಕಿಲೋ ಆಸುಪಾಸು, ಬಳಸಬಹುದಾದದ್ದು ಹೆಚ್ಚುಕಡಿಮೆ ಎಲ್ಲ. ತೂಕದ ಲೆಕ್ಕದಲ್ಲಿ ಪ್ರಶ್ನೆಯೇ ಇಲ್ಲ. ಆದರೆ ಲಿಥಿಯಂ ಬ್ಯಾಟರಿಯನ್ನು ಬಾನೆಟ್ ಒಳಗಿನ ಬಿಸಿಯಲ್ಲಿ ಇಡಬಾರದು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಗಾಡಿಯ ಒಳಗೆ, ಹೊದಿಕೆಗಳ ಪಕ್ಕದಲ್ಲಿ ನನ್ನದು ಸುಖವಾಗಿದೆ.

ನೀರಿನಲ್ಲಿ ಆಯ್ಕೆಗಿಂತ ಶಿಸ್ತು ಮುಖ್ಯ. ತಲೆಗೆ ದಿನಕ್ಕೆ ಐದು ಲೀಟರ್, ಅದರ ಮೇಲೆ ಕೆಲವು ದಿನಗಳ ಮೀಸಲು. ಎಲ್ಲವನ್ನೂ ಒಂದೇ ಟ್ಯಾಂಕಿನಲ್ಲಿ ತುಂಬಿಸಬಾರದು. ಒಂದು ಬಿರುಕು ಬಿಟ್ಟರೂ ಇನ್ನೊಂದು ಉಳಿಯುವಂತೆ ಹತ್ತು ಲೀಟರಿನ ಕ್ಯಾನುಗಳು ನನಗೆ ಸರಿಹೊಂದಿವೆ, ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಕೂರುತ್ತವೆ.

ಊಟದ ಲೆಕ್ಕ ಇದಕ್ಕೇ ಅಂಟಿಕೊಂಡಿದೆ. ಅನ್ನ ಸಾರಿಗೆ ತೊಳೆಯಲು, ಬೇಯಿಸಲು, ಪಾತ್ರೆ ಉಜ್ಜಲು ನೀರು ಹೋಗುತ್ತದೆ. ಚಾರಣದವರ ಒಣ ಊಟದ ಪೊಟ್ಟಣ ಬಹಳ ಹಗುರ, ಬೆಲೆ ಜಾಸ್ತಿ, ರುಚಿ ರಟ್ಟಿನದು. ಹಾಗೆಯೇ ಬಿಸಿ ಮಾಡಿ ತಿನ್ನುವ ಬಿಸಿಬೇಳೆಬಾತಿನ ಪೊಟ್ಟಣ ಭಾರ ಎಂದು ನಾನು ಮೊದಲು ಕೆಳಗಿಟ್ಟಿದ್ದೆ. ಅದರ ಭಾರವೆಲ್ಲ ನೀರಿನದೇ, ಆ ನೀರನ್ನು ಹೇಗೂ ಕ್ಯಾನಿನಲ್ಲಿ ಹೊರಲೇಬೇಕಲ್ಲ ಎಂದು ತೋರಿಸಿಕೊಟ್ಟದ್ದು ನನ್ನ ಹೆಂಡತಿ. ಪೊಟ್ಟಣ ಬಿಸಿ ಮಾಡಿದ ನೀರನ್ನೇ ಚಹಾಕ್ಕೆ ಬಳಸಿದರೆ ಲೆಕ್ಕ ಸಮ. ಆದರೂ ಇವೆಲ್ಲವನ್ನೂ ಮೀರಿಸಿದ್ದು ಮನೆಯಲ್ಲೇ ಹುಣಿಸೆ, ಬೆಲ್ಲ, ಸಾರಿನ ಪುಡಿ ಬೆರೆಸಿ ಒಣಗಿಸಿಟ್ಟ ಗೊಜ್ಜವಲಕ್ಕಿ. ಒಂದು ಲೋಟ ನೀರು ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟರೆ ಇಬ್ಬರ ಮಧ್ಯಾಹ್ನದ ಊಟ ಮುಗಿಯಿತು, ಒಲೆಯೂ ಬೇಕಿಲ್ಲ.

ಯಾರನ್ನು ಕರೆಯುವುದು

ಫ್ರೆಂಚ್ ಲೈನ್‌ನಲ್ಲಿ ಮೊಬೈಲ್ ಸಿಗುವುದಿಲ್ಲ. ಅಂಗೈ ಅಗಲದ ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಸಾಧನ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಮೊರೆಯಿಡುತ್ತದೆ. ತಿಂಗಳ ಬಾಡಿಗೆ ಇಲ್ಲ, ನೋಂದಣಿ ಉಚಿತ. ಆದರೆ ಅದು ಒಮ್ಮುಖ: ‘ಪ್ರಾಣಕ್ಕೆ ಕುತ್ತು, ಬನ್ನಿ’ ಎಂಬ ಒಂದೇ ಮಾತು ಅದಕ್ಕೆ ಬರುತ್ತದೆ. ಮರಳುಗಾಡಿನ ನಿಜವಾದ ತಾಪತ್ರಯಗಳೆಲ್ಲ ಅದಕ್ಕಿಂತ ಚಿಕ್ಕವು. ಶಾಕ್ ಅಬ್ಸಾರ್ಬರ್ ಮುರಿದಿದೆ, ಬರ್ಡ್ಸ್‌ವಿಲ್‌ನಲ್ಲಿ ಬಿಡಿಭಾಗ ತರಿಸಿಡಲು ಸಾಧ್ಯವೇ ಎಂದು ಕೇಳಲು ಹೆಲಿಕಾಪ್ಟರ್ ಕರೆಸುವಂತಿಲ್ಲ. ಇರಿಡಿಯಂ ಉಪಗ್ರಹಗಳ ಮೂಲಕ ಎರಡೂ ಕಡೆಯಿಂದ ಸಂದೇಶ ಕಳಿಸುವ ಪುಟ್ಟ ಸಾಧನ ಆ ಕೆಲಸಕ್ಕೆ ಸಾಕು, ಆದರೆ ಗುಬ್ಬಿಯಂತೆ ಒಂದೊಂದೇ ಅಕ್ಷರ ಕುಕ್ಕುತ್ತ ಮೆಕ್ಯಾನಿಕ್‌ಗೆ ಎಂಜಿನ್ನಿನ ಸದ್ದು ವಿವರಿಸುವುದು ತಾಳ್ಮೆಯ ಪರೀಕ್ಷೆ. ಉಪಗ್ರಹ ಫೋನಿನಲ್ಲಿ ಎರಡು ನಿಮಿಷದಲ್ಲಿ ಮುಗಿಯುತ್ತದೆ. ವರ್ಷಕ್ಕೊಮ್ಮೆ ಹೋಗುವವರಿಗೆ ಫೋನನ್ನು ಬಾಡಿಗೆಗೆ ತರುವುದು ಲಾಭ. ನಾನು ಪಿಎಲ್‌ಬಿ ಒಂದನ್ನು ಕೊಂಡಿದ್ದೇನೆ, ಫೋನನ್ನು ಪ್ರತಿ ಸಲ ಬಾಡಿಗೆಗೆ ತರುತ್ತೇನೆ. ಹಳೆಯ ಥುರಾಯಾ ಫೋನು ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳಬೇಡಿ. 2024ರ ಏಪ್ರಿಲ್‌ನಲ್ಲಿ ಥುರಾಯಾ-3 ಉಪಗ್ರಹ ಕೆಟ್ಟ ಮೇಲೆ ಆಸ್ಟ್ರೇಲಿಯಾದಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ.

ಥಾರ್ ಮರಳುಗಾಡಿಗೆ ಹೊರಡುವ ಬೆಂಗಳೂರಿನ ಗೆಳೆಯರು ಈ ಸಾಧನಗಳನ್ನು ತರಲು ಆಗಾಗ ಹೇಳುತ್ತಾರೆ. ತರಲಾರೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದೇ ಅಪರಾಧ, ಸಂದೇಶದ ಸಾಧನ ಚೀಲದಲ್ಲಿದ್ದುದಕ್ಕೇ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ.

ಮಲಗುವುದೆಲ್ಲಿ

ಭಾವನ ಗಾಡಿಯ ಛಾವಣಿಯ ಮೇಲೆ ಮಡಚುವ ಟೆಂಟ್ ಇದೆ, ನಿಚ್ಚಣಿಕೆ ಸೇರಿ 68 ಕಿಲೋ. ನಾವು ಮಲಗುವುದು ಸ್ವ್ಯಾಗ್‌ನಲ್ಲಿ. ದಪ್ಪ ಕ್ಯಾನ್ವಾಸಿನೊಳಗೆ ಹಾಸಿಗೆಯಿಟ್ಟು ಸುತ್ತಿಡುವ ಈ ಊರಿನ ಪದ್ಧತಿಯದು, ಒಂದಕ್ಕೆ ಹತ್ತು ಹನ್ನೆರಡು ಕಿಲೋ. ಛಾವಣಿಯ ಕಂಬಿಗೆ ತಯಾರಕರು ಹೇಳುವ ತೂಕದ ಮಿತಿ ಡಾಂಬರು ರಸ್ತೆಯದು. ಇಂಥ ದಾರಿಗೆ ಅದರ ಮೂರನೇ ಎರಡು ಭಾಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಗುಂಡಿಬಿದ್ದ ಏರಿನಲ್ಲಿ ಅವರ ಗಾಡಿ ಓಲಾಡುವುದನ್ನು ಹಿಂದಿನಿಂದ ನೋಡಿದವರು ಆ ಟೆಂಟನ್ನು ಕೊಳ್ಳಲಾರರು. ಟೆಂಟ್ ಬಿಚ್ಚಲು ಸಮತಟ್ಟು ಜಾಗ ಬೇಕು, ರಾತ್ರಿ ಎದ್ದರೆ ಏಣಿ ಇಳಿಯಬೇಕು, ಬೆಳಗ್ಗೆ ಮಡಚದೆ ಗಾಡಿ ಕದಲುವಂತಿಲ್ಲ.

ಇದನ್ನೆಲ್ಲ ಭಾವ ಒಪ್ಪುತ್ತಾರೆ. ಒಪ್ಪದವಳು ಅಕ್ಕ. ಡಾಲ್‌ಹೌಸಿಯಲ್ಲಿ ಹೊರಗೆ ಬಿಟ್ಟ ಬೂಟುಗಳನ್ನು ಡಿಂಗೊಗಳು ರಾತ್ರಿ ಎತ್ತಿಕೊಂಡು ಹೋಗುತ್ತವೆ. ಬೂಟು ಕದಿಯುವ ನಾಯಿಗಳಿರುವ ಕಡೆ ತಾನು ನೆಲದ ಮೇಲೆ ಮಲಗುವವಳಲ್ಲ ಎಂಬುದು ಅವಳ ತೀರ್ಮಾನ. ಅವಳಿಗೆ ಅಲ್ಲಿ ನಿಜಕ್ಕೂ ಒಳ್ಳೆಯ ನಿದ್ದೆ ಬರುತ್ತದೆ, ನನ್ನ ಬೆನ್ನಿಗೆ ಸ್ವ್ಯಾಗ್ ಅಷ್ಟು ಉಪಕಾರ ಮಾಡಿಲ್ಲ. ಹಾಗಾಗಿ ಮುಂದಿನ ಚಳಿಗಾಲಕ್ಕೂ ಟೆಂಟ್ ಉಳಿಯುತ್ತದೆ. ಅದರ ತೂಕಕ್ಕೆ ಬದಲಾಗಿ ವಿಂಚನ್ನೂ ಎರಡನೆಯ ಸ್ಟೆಪ್ನಿಯನ್ನೂ ಕಳಚಿಡಿ ಎಂದು ಭಾವನಿಗೆ ಹೇಳಿದ್ದೇನೆ. ಸ್ಟೆಪ್ನಿಗೆ ಹೂಂ ಎಂದಿದ್ದಾರೆ, ವಿಂಚ್ ವಿಷಯದಲ್ಲಿ ಇನ್ನೂ ಮಾತು ಕೊಟ್ಟಿಲ್ಲ.